ಸೀಳು ಅಂಗುಳದ ಮಕ್ಕಳ ಹಾಲುಹಲ್ಲು: ಶಸ್ತ್ರಚಿಕಿತ್ಸೆಗಳ ನಡುವಿನ ದಿನಚರಿ

ಸೀಳುತುಟಿ, ಸೀಳು ಅಂಗುಳಗಳ ಬಗೆಗಿನ ವೈದ್ಯಕೀಯ ಬರವಣಿಗೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯ ಕಾಲಪಟ್ಟಿಯನ್ನೇ ಹಿಡಿದು ಸಾಗುತ್ತದೆ. ತುಟಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು, ಅಂಗುಳಕ್ಕೆ 9ರಿಂದ 18 ತಿಂಗಳು, ವಸಡಿನೊಳಗಿನ ಮೂಳೆ ಕಸಿಗೆ 7ರಿಂದ 11 ವರ್ಷ. ಈ ದಿನಗಳ ನಡುವೆ ಮಗು ಮನೆಯಲ್ಲಿರುತ್ತದೆ. ಹಾಲುಹಲ್ಲುಗಳ ಗತಿ ತೀರ್ಮಾನವಾಗುವುದೂ ಅಲ್ಲೇ. ಸೀಳಿರುವ ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕು ಹೆಚ್ಚೆಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ವಿಮರ್ಶೆಗಳು ತೋರಿಸಿವೆ. ಬಾಯಿಯ ರಚನೆ ಇದಕ್ಕೆ ಒಂದು ಕಾರಣ. ಸೀಳು ಮನೆಯವರ ಮೇಲೆ ಹೇರುವ ದಿನಚರಿ ಇನ್ನೊಂದು ಕಾರಣ. ತಿದ್ದಲು ಸಾಧ್ಯವಿರುವುದು ಈ ಎರಡನೆಯದನ್ನೇ ಎಂಬುದು ಈ ಲೇಖನದ ವಾದ.

ರಚನೆಯ ವಿಷಯವನ್ನು ಬೇಗ ಮುಗಿಸಬಹುದು. ಸೀಳಿನ ಪಕ್ಕದ ಬಾಚಿಹಲ್ಲು ಕೆಲವೊಮ್ಮೆ ಮೂಡುವುದೇ ಇಲ್ಲ, ಕೆಲವೊಮ್ಮೆ ಹೆಚ್ಚುವರಿ ಹಲ್ಲೊಂದು ಬರುತ್ತದೆ, ಬಂದದ್ದು ತಿರುಚಿಕೊಂಡಿರುತ್ತದೆ, ಅದರ ಎನಾಮೆಲ್ ತೆಳುವಾಗಿರುತ್ತದೆ. ಹೊಲಿದ ತುಟಿ ಬಿಗಿಯಾಗಿರುವುದರಿಂದ ಅದರ ಹಿಂದೆ ಬ್ರಷ್ ಸುಲಭವಾಗಿ ಹೋಗದು.

ಆಹಾರದ ಸಂಗತಿ ಹೆಚ್ಚು ಜಟಿಲ. ಅಂಗುಳ ತೆರೆದಿದ್ದರೆ ಮಗುವಿಗೆ ಚೀಪುವ ಶಕ್ತಿ ದಕ್ಕುವುದಿಲ್ಲ, ಹಾಲು ಮೂಗಿಗೆ ಏರುತ್ತದೆ. ತಾಯಿ ಹಾಲು ಹಿಂಡಿ, ಮಗುವನ್ನು ನೆಟ್ಟಗೆ ಎತ್ತಿ ಹಿಡಿದು, ಒಳಲೆಯಲ್ಲಿ ಗುಟುಕು ಗುಟುಕಾಗಿ ಕುಡಿಸುತ್ತಾಳೆ. ನಮ್ಮ ಹಳೆಯ ಒಳಲೆ ಈ ಮಕ್ಕಳಿಗೆ ನಿಜಕ್ಕೂ ಒಳ್ಳೆಯ ಸಾಧನ, ತೊಳೆಯುವುದೂ ಸುಲಭ. ಆದರೆ ಒಂದೊಂದು ಊಟವೂ ದೀರ್ಘವಾಗುತ್ತದೆ. ಸಕ್ಕರೆ ಬಾಯಿಗೆ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿನ ಮೇಲಿನ ಲೋಳೆಪದರ ಆಮ್ಲೀಯವಾಗುತ್ತದೆ; ಜೊಲ್ಲು ಅದನ್ನು ಸರಿಪಡಿಸಲು ಅರ್ಧ ಗಂಟೆಗೂ ಹೆಚ್ಚು ಬೇಕು. ಹಲ್ಲು ಬಂದ ಮೇಲೂ ಸಿಹಿ ಬೆರೆಸಿದ ಆಹಾರ ದಿನವಿಡೀ ನಡೆಯುತ್ತಿದ್ದರೆ ಆ ಬಿಡುವೇ ಸಿಗುವುದಿಲ್ಲ. ರಾತ್ರಿ ನಿದ್ದೆಯಲ್ಲಿ ಜೊಲ್ಲು ಕಡಿಮೆ. ಬಾಯಲ್ಲಿ ಉಸಿರಾಡುವ ಮಗುವಿನ ಬಾಯಿ ಇನ್ನಷ್ಟು ಒಣಗುತ್ತದೆ.

ಇದರ ಮೇಲೆ ತೂಕದ ಒತ್ತಡ. ತುಟಿಯ ಶಸ್ತ್ರಚಿಕಿತ್ಸೆಗೆ 10 ವಾರದ ವಯಸ್ಸು, 10 ಪೌಂಡ್ ತೂಕ, 10 ಗ್ರಾಂ ಹಿಮೋಗ್ಲೋಬಿನ್ ಇರಬೇಕೆಂಬ ಹಳೆಯ ನಿಯಮವಿದೆ. ಅಂಗುಳದ ಸರದಿ ಬಂದಾಗಲೂ ತೂಕ ಸಾಲದೆಂದು ದಿನ ಮುಂದೆ ಹೋಗುವುದುಂಟು. ತೂಕ ಬರಲೆಂದು ರಾಗಿ ಸರಿಗೆ ಬೆಲ್ಲ, ಹಾಲಿಗೆ ಸಕ್ಕರೆ, ಅದರಲ್ಲಿ ಅದ್ದಿದ ಬಿಸ್ಕತ್ತು ಸೇರಿಕೊಳ್ಳುತ್ತವೆ. ಇದನ್ನು ತಾಯಿಯ ಅಜ್ಞಾನವೆನ್ನುವುದು ಅನ್ಯಾಯ. ಅವಳು ವೈದ್ಯರ ಮಾತನ್ನೇ ಪಾಲಿಸುತ್ತಿದ್ದಾಳೆ. ಆರು ತಿಂಗಳು ತುಂಬಿದ ಮೇಲೆ ಅದೇ ರಾಗಿಗೆ ತುಪ್ಪ, ಬೇಳೆಯ ಕಟ್ಟು, ಮಸೆದ ಮೊಟ್ಟೆ ಸೇರಿಸಿದರೆ ತೂಕವೂ ಬರುತ್ತದೆ, ಹಲ್ಲೂ ಉಳಿಯುತ್ತದೆ ಎಂದು ಯಾರಾದರೂ ಅವಳಿಗೆ ಹೇಳಬೇಕು. ಬೆಲ್ಲ ಸಕ್ಕರೆಗಿಂತ ಹಲ್ಲಿಗೆ ಒಳ್ಳೆಯದೆಂಬ ನಂಬಿಕೆಗೂ ಆಧಾರವಿಲ್ಲ. ಅದರ ಬಹುಭಾಗ ಸುಕ್ರೋಸೇ.

ಔಷಧಿಯೂ ಸಿಹಿಯೇ. ಅಂಗುಳದ ಸ್ನಾಯುಗಳು ಕಿವಿಯ ನಾಳವನ್ನು ಸರಿಯಾಗಿ ತೆರೆಯದ ಕಾರಣ ಈ ಮಕ್ಕಳ ನಡುಗಿವಿಯಲ್ಲಿ ದ್ರವ ನಿಲ್ಲುತ್ತದೆ, ಸೋಂಕು ಮರುಕಳಿಸುತ್ತದೆ, ಸಿರಪ್ಪಿನ ಬಾಟಲಿ ಮತ್ತೆ ಮತ್ತೆ ಮನೆಗೆ ಬರುತ್ತದೆ. ಮಲಗುವ ಹೊತ್ತಿನ ಸಿರಪ್ಪನ್ನು ಹಲ್ಲುಜ್ಜುವ ಮೊದಲೇ ಕೊಡುವುದು ಸಣ್ಣ ಬದಲಾವಣೆ, ಖರ್ಚಿಲ್ಲದ್ದು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಒಂದು ಕಾಲದ ಹೊಂದಿಕೆ. ಮೇಲಿನ ನಡುಬಾಚಿಹಲ್ಲುಗಳು ಮೂಡುವುದು ಸುಮಾರು 8ರಿಂದ 12 ತಿಂಗಳಿಗೆ. ಎಳೆಯ ಮಕ್ಕಳಲ್ಲಿ ಹುಳುಕು ಮೊದಲು ಹಿಡಿಯುವುದೂ ಸಾಮಾನ್ಯವಾಗಿ ಇವನ್ನೇ. ಅಂಗುಳದ ಶಸ್ತ್ರಚಿಕಿತ್ಸೆಯೂ ಹೆಚ್ಚುಕಡಿಮೆ ಆಗಲೇ ನಡೆಯುತ್ತದೆ, ಆಮೇಲೆ ಕೆಲವು ವಾರ ಗಟ್ಟಿಯಾದುದೇನನ್ನೂ ಬಾಯೊಳಗೆ ಹಾಕಬಾರದೆಂಬ ಸೂಚನೆ ಸಿಗುತ್ತದೆ. ಆ ನಿಷೇಧ ಸರಿ. ಅದು ಎಂದು ಮುಗಿಯುತ್ತದೆಂದು ಬರೆದುಕೊಡದಿದ್ದರೆ ಮಾತ್ರ, ಹೊಲಿಗೆ ಬಿಟ್ಟೀತೆಂಬ ಭಯಕ್ಕೆ ಕೈ ಹಿಂಜರಿಯುತ್ತದೆ, ಹಲ್ಲುಜ್ಜುವ ರೂಢಿ ಹುಟ್ಟಬೇಕಾದ ತಿಂಗಳುಗಳು ಕಳೆದುಹೋಗುತ್ತವೆ. ಬಿಡುಗಡೆ ಚೀಟಿಯಲ್ಲಿ ಔಷಧಿಗಳ ಕೆಳಗೆ ಹಲ್ಲುಜ್ಜಲು ಮತ್ತೆ ತೊಡಗುವ ದಿನಾಂಕವನ್ನೂ ಬರೆಯಬೇಕು. ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟು, ಒಂದು ಬೆರಳಿನಿಂದ ತುಟಿ ಎತ್ತಿ, ಮೆತ್ತನೆಯ ಪುಟ್ಟ ಬ್ರಷ್ಷಿನಿಂದ ಉಜ್ಜುವುದನ್ನು ತಾಯಿಯ ಕೈಯಿಂದಲೇ ಮಾಡಿಸಿ ಕಳಿಸಬೇಕು.

ಪೇಸ್ಟಿನ ವಿಷಯದಲ್ಲಿ ಕರ್ನಾಟಕಕ್ಕೆ ಅದರದೇ ಅಳುಕಿದೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರುಗಳಿವೆ. ಹಲ್ಲು ಕಂದಾಗುವುದನ್ನು ಕಂಡ ಜನ ಫ್ಲೋರೈಡ್ ಪೇಸ್ಟಿಗೆ ಹೆದರುವುದು ಸಹಜ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು ಪೇಸ್ಟ್ ಸಾಕು. ಅಷ್ಟರಲ್ಲಿರುವ ಫ್ಲೋರೈಡ್ ಸುಮಾರು 0.1 ಮಿಲಿಗ್ರಾಂ. ಅಲ್ಲಿ ಮೊದಲು ಬದಲಾಗಬೇಕಾದದ್ದು ಕುಡಿಯುವ ನೀರು.

ಬಿದ್ದುಹೋಗುವ ಹಲ್ಲಿಗೆ ಇಷ್ಟೇಕೆ ಎಂಬ ಪ್ರಶ್ನೆ ಮನೆಯಲ್ಲೂ ಆಸ್ಪತ್ರೆಯಲ್ಲೂ ಕೇಳಿಬರುತ್ತದೆ. ಈ ಮಕ್ಕಳಿಗೆ ಮುಂದೆ ಮೂಳೆ ಕಸಿಯಿದೆ, ಹಲ್ಲು ಸಾಲು ಮಾಡುವ ವರ್ಷಗಳ ಚಿಕಿತ್ಸೆಯಿದೆ. ಸೋಂಕಿರುವ ಬಾಯಿಯಲ್ಲಿ ಕಸಿ ಮಾಡುವಂತಿಲ್ಲ. ಬೇಗ ಕಿತ್ತ ಹಾಲುಹಲ್ಲಿನ ಜಾಗಕ್ಕೆ ಅಕ್ಕಪಕ್ಕದ ಹಲ್ಲು ಜರುಗಿದರೆ, ಮೊದಲೇ ಇಕ್ಕಟ್ಟಾದ ಮೇಲ್ದವಡೆ ಮತ್ತಷ್ಟು ಇಕ್ಕಟ್ಟಾಗುತ್ತದೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯ ಪಟ್ಟಿಯಲ್ಲಿ ಸೀಳು ಅಂಗುಳ ಹುಟ್ಟಿನ ದೋಷಗಳ ಗುಂಪಿನಲ್ಲಿದೆ. ನಡುಗಿವಿಯ ಉರಿಯೂತ, ಹಲ್ಲಿನ ತೊಂದರೆಗಳು ಬಾಲ್ಯದ ಕಾಯಿಲೆಗಳ ಗುಂಪಿನಲ್ಲಿವೆ. ಈ ಮೂರೂ ಒಂದೇ ಮಗುವಿನ ಬಾಯಲ್ಲಿ, ಕಿವಿಯಲ್ಲಿ ಕೂಡಿ ಬರುತ್ತವೆ. ಅಂಗನವಾಡಿಗೆ ವರ್ಷಕ್ಕೆ ಎರಡು ಬಾರಿ ಬರುವ ತಂಡ ಸೀಳಿನ ಗುರುತು ಕಂಡ ಕೂಡಲೇ ತುಟಿ ಎತ್ತಿ, ವಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿಯ ಪಟ್ಟೆ ಇದೆಯೇ ಎಂದು ನೋಡಬಹುದು. ಕುಳಿ ಬೀಳುವ ಮುಂಚಿನ ಆ ಹಂತದಲ್ಲಿ ಫ್ಲೋರೈಡ್ ವಾರ್ನಿಶ್ ಹಚ್ಚಿ, ರಾತ್ರಿಯ ಸಿಹಿ ನಿಲ್ಲಿಸಿದರೆ ಹುಳುಕನ್ನು ಅಲ್ಲಿಗೇ ತಡೆಯಲು ಸಾಧ್ಯ.