ಆಟಕ್ಕೊಂದು ಚೌಕಟ್ಟು

ಕಳೆದ ಬೇಸಿಗೆಯ ರಜೆಗೆ ಮೊಮ್ಮಗ ಬೆಂಗಳೂರಿನಿಂದ ಕಾಗಾಲಕ್ಕೆ ಬಂದಿದ್ದ. ಮಧ್ಯಾಹ್ನದ ಸೆಕೆಯಲ್ಲಿ ಹೊರಗೆ ಹೋಗಲಾಗದೆ ಕಂಪ್ಯೂಟರಿನ ಮುಂದೆ ಕುಳಿತು ಯಾವುದೋ ಹಳೆಯ ಆಟ ಆಡುತ್ತಿದ್ದ. ಕಾಫಿಯ ಲೋಟ ಹಿಡಿದು ನಾನೂ ಬಳಿಯಲ್ಲಿ ಕುಳಿತೆ. ಆಟ ನಡೆಯುತ್ತಿದ್ದುದು ಪರದೆಯ ನಡುವಿನ ಒಂದು ಚೌಕದಲ್ಲಿ ಮಾತ್ರ. ಸುತ್ತಲೂ ಬಳ್ಳಿ, ಮೋಡ, ಕಲ್ಲಿನ ಗೋಡೆಗಳ ಚಿತ್ರದ ಅಂಚು. "ಇಷ್ಟು ದೊಡ್ಡ ಪರದೆ ಇಟ್ಟುಕೊಂಡು ಅರ್ಧದಲ್ಲೇ ಏಕೆ ಆಡುತ್ತೀಯೋ?" ಎಂದು ಕೇಳಿದೆ. ಅವನು ಮರುಮಾತಾಡದೆ ಒಂದು ಗುಂಡಿ ಒತ್ತಿದ. ಅಂಚು ಮಾಯವಾಗಿ ಆಟ ಪರದೆಯ ತುಂಬ ಹಿಗ್ಗಿತು. ದುಂಡಗಿದ್ದ ಚೆಂಡು ಮೊಟ್ಟೆಯಂತಾಯಿತು, ತೆಳ್ಳಗಿದ್ದ ನಾಯಕನಿಗೆ ಬೊಜ್ಜು ಬಂತು! ಇಬ್ಬರೂ ನಕ್ಕೆವು.

ಗಣಿತ ಕಲಿಸುತ್ತಲೇ ಕೂದಲು ಬೆಳ್ಳಗಾದವನಿಗೆ ಕುತೂಹಲ ಸುಮ್ಮನಿರಗೊಡಲಿಲ್ಲ. ಲೆಕ್ಕ ಹಾಕಿದೆ. ಆ ಆಟ ಮೂಲತಃ 1989ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆ ಹೊರತಂದ 'ಗೇಮ್ ಬಾಯ್' ಎಂಬ ಅಂಗೈ ಯಂತ್ರದ್ದು. ಅದರ ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು. ನಮ್ಮ ಮನೆಯ ಪರದೆಯಲ್ಲಿ ಅಡ್ಡಕ್ಕೆ 1920, ಉದ್ದಕ್ಕೆ 1080. ಪೂರ್ತಿ ತುಂಬಿಸಹೊರಟರೆ ಅಗಲ ಹನ್ನೆರಡು ಪಟ್ಟು, ಎತ್ತರ ಏಳೂವರೆ ಪಟ್ಟು ಬೆಳೆಯುತ್ತದೆ. ಚೆಂಡು ಮೊಟ್ಟೆಯಾಗದೆ ಇನ್ನೇನಾದೀತು? ಎರಡೂ ಕಡೆ ಸಮನಾಗಿ ಏಳು ಪಟ್ಟು ಬೆಳೆಸಿದರೆ ಒಂದೊಂದು ಚುಕ್ಕೆಯೂ ಅಚ್ಚುಕಟ್ಟಾದ ಚೌಕವಾಗಿ ಉಳಿಯುತ್ತದೆ. ಆದರೆ ಎಡಬಲಗಳಲ್ಲಿ ನಾನೂರು ನಾನೂರು, ಮೇಲೆ ಕೆಳಗೆ ಮೂವತ್ತಾರು ಮೂವತ್ತಾರು ಚುಕ್ಕೆಗಳಷ್ಟು ಜಾಗ ಖಾಲಿ ಬೀಳುತ್ತದೆ. ಅಂದರೆ ಪರದೆಯ ನೂರರಲ್ಲಿ ಸುಮಾರು ನಲವತ್ತಾರು ಪಾಲು! ಈ ಖಾಲಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ದೊರೆತ ಉತ್ತರವೇ ಆ ಚಿತ್ರದ ಅಂಚು.

ಈ ಉತ್ತರಕ್ಕೆ ಅರ್ಧ ಶತಮಾನದ ಇತಿಹಾಸವಿದೆಯೆಂದು ಆಮೇಲೆ ಓದಿ ತಿಳಿದೆ. 1972ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ 'ಒಡಿಸ್ಸಿ' ಎಂಬ ಯಂತ್ರ, ಮನೆಯ ದೂರದರ್ಶನದಲ್ಲಿ ಆಟ ತೋರಿಸಿದ ಮೊದಲನೆಯದು. ರಾಲ್ಫ್ ಬೇಯರ್ ಎಂಬ ಎಂಜಿನಿಯರ್ ಅದರ ಜನಕ. ಪಾಪ, ಆ ಯಂತ್ರಕ್ಕೆ ಕೆಲವು ಬಿಳಿ ಚುಕ್ಕೆಗಳನ್ನೂ ಒಂದು ಗೆರೆಯನ್ನೂ ಬಿಟ್ಟು ಬೇರೇನೂ ಮೂಡಿಸಲು ಬರುತ್ತಿರಲಿಲ್ಲ. ಬಣ್ಣವಿಲ್ಲ, ಸದ್ದಿಲ್ಲ. ಆದ್ದರಿಂದ ಬಣ್ಣದ ಚಿತ್ರವಿದ್ದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಗಳನ್ನು ಜೊತೆಗೆ ಕೊಟ್ಟಿದ್ದರು. ಹಾಳೆಯನ್ನು ಗಾಜಿಗೆ ಅಂಟಿಸಿದರೆ ಚುಕ್ಕೆಗಳಿಗೊಂದು ಮೈದಾನ ಸಿಕ್ಕಿತು. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆಯ 'ಸ್ಪೇಸ್ ಇನ್ವೇಡರ್ಸ್' ಬಂತು. ಅದರ ನಿಲುವುಪೆಟ್ಟಿಗೆಯಲ್ಲಿ ಆಟದ ಬಿಂಬವನ್ನು ಕನ್ನಡಿಯಿಂದ ಪ್ರತಿಫಲಿಸಿ, ಹಿಂದೆ ಚಿತ್ರಿಸಿದ ಚಂದ್ರಲೋಕದ ಮೇಲೆ ತೇಲುವಂತೆ ಕಾಣಿಸುತ್ತಿದ್ದರು. ಯಂತ್ರಕ್ಕೆ ಕೈಲಾಗದ್ದನ್ನು ಚಿತ್ರಕಾರ ಮಾಡಿಕೊಡುತ್ತಿದ್ದ ಕಾಲ ಅದು.

1994ರಲ್ಲಿ ಬಂದ 'ಸೂಪರ್ ಗೇಮ್ ಬಾಯ್' ಈ ಕತೆಯ ಮುಖ್ಯ ತಿರುವು. ಅಂಗೈಯ ಆಟವನ್ನು ದೊಡ್ಡ ದೂರದರ್ಶನದಲ್ಲಿ ಆಡಿಸುವ ಸಾಧನ ಅದು. ಅಲ್ಲಿನ ಚಿತ್ರದ ಅಳತೆ 256ಕ್ಕೆ 224. ಆಟ ನಡುವೆ ಕುಳಿತರೆ ಪರದೆಯ ಐದರಲ್ಲಿ ಎರಡು ಪಾಲು ಆಟಕ್ಕೆ, ಮೂರು ಪಾಲು ಅಂಚಿಗೆ! ತಯಾರಕರು ಆಟವನ್ನು ಎಳೆದು ಹಿಗ್ಗಿಸಲಿಲ್ಲ; ಅಂಚನ್ನೇ ಸಿಂಗರಿಸಿದರು. ಅದೇ ವರ್ಷದ 'ಡಾಂಕಿ ಕಾಂಗ್' ಆಟಕ್ಕೆ ಹಳೆಯ ನಿಲುವುಪೆಟ್ಟಿಗೆಯ ಚಿತ್ರವನ್ನೇ ಅಂಚಾಗಿ ಬರೆದಿದ್ದರು. ತಾನು ಹುಟ್ಟಿದ ಮನೆಯನ್ನು ಹೊತ್ತು ತಂದಂತೆ.

ಇಲ್ಲಿಗೆ ಬಂದಾಗ ನನಗೆ ನಮ್ಮೂರಿನ ಇನ್ನೊಂದು 'ಆಟ' ನೆನಪಾಯಿತು. ನಮ್ಮ ಕರಾವಳಿಯಲ್ಲಿ ಆಟವೆಂದರೆ ಯಕ್ಷಗಾನವೇ ಅಲ್ಲವೇ? ಕುಮಟಾ, ಹೊನ್ನಾವರಗಳ ಹಳ್ಳಿಗಳಲ್ಲಿ "ಇವತ್ತು ಆಟ ಇದೆ" ಎಂದರೆ ಯಾವ ಆಟವೆಂದು ಯಾರೂ ಕೇಳುವುದಿಲ್ಲ. ಕೊಯ್ಲು ಮುಗಿದ ಗದ್ದೆಯಲ್ಲಿ ನಾಲ್ಕು ಕಂಬ ನೆಟ್ಟು, ಮಾವಿನ ತೋರಣ ಕಟ್ಟಿದರೆ ರಂಗಸ್ಥಳ ಸಿದ್ಧ. ಸುತ್ತ ಕಣ್ಣು ಹಾಯುವಷ್ಟು ಕತ್ತಲೆಯ ಬಯಲು. ಆ ತೋರಣದೊಳಗಿನದು ಮಾತ್ರ ದೇವಲೋಕ, ಕುರುಕ್ಷೇತ್ರ, ಲಂಕೆ.

1980ರ ದಶಕದಲ್ಲಿ ಶಾಲೆಯೊಂದರ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಪ್ರಸಂಗವೊಂದನ್ನು ಆಡಿಸುವ ಹೊಣೆ ನನ್ನ ಮೇಲೆ ಬಿದ್ದಿತ್ತು. ಹೊಸದಾಗಿ ಕಟ್ಟಿದ ಸಭಾಭವನ, ನಲವತ್ತು ಅಡಿ ಅಗಲದ ವೇದಿಕೆ. ಜಾಗ ಸುಮ್ಮನೆ ಹಾಳಾಗಬಾರದೆಂದು ನಾನೇ ಹುಡುಗರನ್ನು ಉದ್ದಕ್ಕೂ ಚದುರಿಸಿ ನಿಲ್ಲಿಸಿದೆ. ಅರ್ಜುನ ಒಂದು ಮೂಲೆಯಲ್ಲಿ, ಬಭ್ರುವಾಹನ ಇನ್ನೊಂದು ಮೂಲೆಯಲ್ಲಿ. ಭಾಗವತರ ಪದ ಮುಗಿದರೂ ಒಬ್ಬನ ಕುಣಿತ ಇನ್ನೊಬ್ಬನ ಬಳಿಗೆ ತಲುಪುತ್ತಿರಲಿಲ್ಲ. ತಿಂಗಳುಗಟ್ಟಲೆ ಬೆವರು ಸುರಿಸಿದ್ದ ಮಕ್ಕಳು ಇಲಿಮರಿಗಳಂತೆ ಕಂಡರು. ಸಭೆ ಎದ್ದು ಹೋಗತೊಡಗಿತು. ಬಭ್ರುವಾಹನನ ಪಾತ್ರದ ಹುಡುಗ ಚೌಕಿಯಲ್ಲಿ ಕಿರೀಟ ಕಳಚದೆಯೇ ಅತ್ತದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ. ತಪ್ಪು ಅವನದಾಗಿರಲಿಲ್ಲ.

ಮರುವರ್ಷ ನಮಗೆ ಹಾಡಲು ಬಂದ ವೃದ್ಧ ಭಾಗವತರೊಬ್ಬರು ವೇದಿಕೆಯನ್ನು ಒಮ್ಮೆ ನೋಡಿ, ನಾಲ್ಕು ಬಿದಿರು ತರಿಸಿದರು. ವೇದಿಕೆಯ ನಡುವೆಯೇ ಹಳೆಯ ಅಳತೆಯ ರಂಗಸ್ಥಳ ಕಟ್ಟಿಸಿ, ಬಾಳೆ, ಮಾವಿನ ಸೊಪ್ಪು ಬಿಗಿಸಿ, ಹೊರಗಿನ ದೀಪಗಳನ್ನು ಆರಿಸಲು ಹೇಳಿದರು. ಅದೇ ಶಾಲೆ, ಅದೇ ಹುಡುಗರು. ಅಂದು ಯಾರೂ ಎದ್ದು ಹೋಗಲಿಲ್ಲ. ನಲವತ್ತು ಅಡಿಯ ವೇದಿಕೆ ತುಂಬಿದ್ದು ಹಿಗ್ಗಿಸಿದ್ದರಿಂದಲ್ಲ, ಕಟ್ಟು ಹಾಕಿದ್ದರಿಂದ.

ಈಗ ಈ ಅಂಚು ಕಟ್ಟುವ ಕೆಲಸ ಹವ್ಯಾಸಿಗಳ ಕೈಗೆ ಬಂದಿದೆಯೆಂದು ಮೊಮ್ಮಗ ವಿವರಿಸಿದ. ಹಳೆಯ ಯಂತ್ರಗಳನ್ನು ಅನುಕರಿಸುವ 'ರೆಟ್ರೋಆರ್ಚ್', 1997ರಲ್ಲಿ ಆರಂಭವಾದ 'ಮೇಮ್' ಮುಂತಾದ ತಂತ್ರಾಂಶಗಳಲ್ಲಿ ಇದಕ್ಕೆ ಅವಕಾಶವಿದೆ. ಪರದೆಯಷ್ಟೇ ಅಳತೆಯ ಒಂದು ಚಿತ್ರ ಬರೆದು, ಅದರ ನಡುವೆ ಪಾರದರ್ಶಕವಾದ ಕಿಟಕಿಯೊಂದನ್ನು ಬಿಡುತ್ತಾರೆ. ತಂತ್ರಾಂಶ ಮೊದಲು ಆಟವನ್ನು ಮೂಡಿಸಿ, ಅದರ ಮೇಲೆ ಈ ಚಿತ್ರವನ್ನು ಹೊದಿಸುತ್ತದೆ. 1972ರ ಪ್ಲಾಸ್ಟಿಕ್ ಹಾಳೆಯೇ ಹೊಸ ಜನ್ಮ ತಾಳಿದಂತೆ! ಅವನೂ ಒಂದು ಅಂಚು ಬರೆದಿದ್ದ. ಹೊಳೆಯುವ ನಕ್ಷತ್ರಗಳು, ಕೆಂಪು, ಹಳದಿ. ಐದು ನಿಮಿಷ ಆಡಿ ಅವನೇ ಬೇಸರಿಸಿದ. ಕಣ್ಣು ಅಂಚಿಗೇ ಹೋಗುತ್ತಿತ್ತು. ಬಣ್ಣ ಮಬ್ಬಾಗಿಸು ಎಂದೆ. ನಮ್ಮ ರಂಗಸ್ಥಳದ ಸುತ್ತ ಈಗ ಮಿನುಗುವ ದೀಪಗಳೂ ಪ್ರಾಯೋಜಕರ ಬ್ಯಾನರುಗಳೂ ತುಂಬಿ, ವೇಷಕ್ಕಿಂತ ಅವೇ ಎದ್ದು ಕಾಣುವುದನ್ನು ನೋಡಿದವನು ನಾನು. ಸೀರೆಯ ಅಂಚು ಸೀರೆಯನ್ನು ನುಂಗಬಾರದು.

ಹಳೆಯ ಸಂಗತಿಗಳನ್ನು ಹೊಸ ಕಾಲಕ್ಕೆ ತರುವಾಗ ನಾವು ಎರಡರಲ್ಲೊಂದು ಮಾಡುತ್ತೇವೆ. ಜಾಗ ತುಂಬಲೆಂದು ಎಳೆದು ವಿಕಾರಗೊಳಿಸುತ್ತೇವೆ, ಇಲ್ಲವೇ ಸಣ್ಣದೆಂದು ಮೂಲೆಗೆ ಎಸೆಯುತ್ತೇವೆ. ಅದರ ಅಳತೆಯನ್ನು ಗೌರವಿಸಿ ಸುತ್ತ ಒಂದು ತೋರಣ ಕಟ್ಟುವುದು ಮೂರನೆಯ ದಾರಿ. ಇದನ್ನು ನಾನು ಮೊದಲ ವರ್ಷವೇ ಅರಿತಿದ್ದರೆ ಒಬ್ಬ ಹುಡುಗ ಅಳಬೇಕಾಗಿರಲಿಲ್ಲ.

ರಜೆ ಮುಗಿಸಿ ಹೊರಡುವ ಮುನ್ನ ಮೊಮ್ಮಗ ಹೊಸ ಅಂಚೊಂದನ್ನು ಬರೆದು ತೋರಿಸಿದ. ಕಪ್ಪು ಹಿನ್ನೆಲೆ, ನಾಲ್ಕು ಕಂಬ, ಮೇಲೆ ಮಾವಿನೆಲೆಯ ತೋರಣ. ನಡುವೆ ಆಟ ನಡೆಯುತ್ತಿತ್ತು.