ಮೂರು ನಿಮಿಷದ ಮಗ

ಉಜಿರೆಯಿಂದ ಒಬ್ಬ ತಂದೆ ನಮ್ಮ ಕಾರ್ಯಕ್ರಮಕ್ಕೆ ಪ್ರಶ್ನೆ ಕಳಿಸಿದ್ದರು. ಮಗ ದುಬೈಗೆ ಹೊರಟಿದ್ದಾನೆ, ಮೊಬೈಲ್ ಇಲ್ಲೇ ತೆಗೆಸಿಕೊಡಬೇಕಾ, ಅಲ್ಲಿ ಹೋಗಿ ತಗೊಳ್ಳಲಿಯಾ? ಯಾವ ಪ್ಲಾನ್ ಹಾಕಿಸಿದರೆ ಮನೆಗೆ ದಿನಾ ಮಾತಾಡಬಹುದು? ಇಷ್ಟೇ. ರಾಜಕೀಯದ ಗದ್ದಲದ ನಡುವೆ ಇಂಥ ಪ್ರಶ್ನೆ ಬಂದರೆ ಸಾಮಾನ್ಯವಾಗಿ ನಾವು ಪಕ್ಕಕ್ಕಿಡ್ತೀವಿ. ನಾನು ಇಡಲಿಲ್ಲ. ಯಾಕಂದ್ರೆ ಕರಾವಳಿಯ ಐವತ್ತು ವರ್ಷದ ಕಥೆ ಈ ಪ್ರಶ್ನೆಯೊಳಗೇ ಇದೆ. ಉತ್ತರ ಕೊಡ್ತೀನಿ, ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ.

1973ರಲ್ಲಿ ತೈಲದ ಬೆಲೆ ಏರಿತು, ಕೊಲ್ಲಿ ದೇಶಗಳಲ್ಲಿ ದುಡ್ಡು ಹರಿಯಿತು, ಕಟ್ಟಡಗಳು ಎದ್ದವು. ಅಲ್ಲಿಯವರೆಗೆ ಬೊಂಬಾಯಿ ಹೋಟೆಲಿನ ದಾರಿ ಹಿಡಿಯುತ್ತಿದ್ದ ನಮ್ಮ ದಕ್ಷಿಣ ಕನ್ನಡದ ಹುಡುಗರು ಬೊಂಬಾಯಿಯಿಂದ ಮುಂದಕ್ಕೂ ಹೋದರು. ಬ್ಯಾರಿಗಳು, ಕ್ರಿಶ್ಚಿಯನ್ನರು, ಬಂಟರು, ಬಿಲ್ಲವರು, ಎಲ್ಲರೂ. ಬಜ್ಪೆಯಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರ ಅಕ್ಟೋಬರಿನಲ್ಲಿ. ಅದಕ್ಕೆ ಮೊದಲು ಉಜಿರೆಯ ಹುಡುಗ ಮಂಗಳೂರಿಗೆ ಬಸ್ಸು, ಅಲ್ಲಿಂದ ಬೊಂಬಾಯಿಗೆ ಇನ್ನೊಂದು ಬಸ್ಸು, ಆಮೇಲೆ ವಿಮಾನ. ಹೋದವನು ಎರಡು ವರ್ಷಕ್ಕೊಮ್ಮೆ ಬಂದರೆ ಪುಣ್ಯ.

ಮಾತು? ಮಾತಿಗೆ ಟ್ರಂಕ್ ಕಾಲ್. ಬುಕ್ ಮಾಡಬೇಕು, ಕಾಯಬೇಕು, ಮೂರು ನಿಮಿಷದ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಈ ಮೂರು ನಿಮಿಷದಲ್ಲಿ ತಾಯಿ ಏನು ಕೇಳ್ತಾಳೆ ಹೇಳಿ? "ಒಣಸ್ ಆಂಡಾ?" ಮಗ ಏನು ಕೇಳ್ತಾನೆ? "ಬರ್ಸ ಉಂಡಾ?" ಊಟ ಆಯಿತು, ಮಳೆ ಬಂತು, ಅಷ್ಟರಲ್ಲಿ ಸಮಯ ಮುಗೀತು. ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದದ್ದು, ತಂಗಿಗೆ ಸಂಬಂಧ ನೋಡುತ್ತಿರುವುದು, ಅಪ್ಪನ ಕೆಮ್ಮು ನಿಲ್ಲದಿರುವುದು, ಇದೆಲ್ಲ ಕಾಗದಕ್ಕೆ. ಕಾಗದ ಮುಟ್ಟುವ ಹೊತ್ತಿಗೆ ಕೆಮ್ಮು ವಾಸಿಯಾಗಿರುತ್ತಿತ್ತು, ಇಲ್ಲವೇ ಆಸ್ಪತ್ರೆ ಸೇರಿರುತ್ತಿತ್ತು.

ಓದು ಬರಹ ಬಾರದ ತಾಯಂದಿರು ಏನು ಮಾಡಬೇಕಿತ್ತು? ಅವರ ನೆರವಿಗೆ ಬಂದದ್ದು ಟೇಪ್‌ರೆಕಾರ್ಡರ್. ಕೊಲ್ಲಿಯಿಂದ ಬಂದವರ ಮನೆ ಅಂತ ಗುರುತಾಗುತ್ತಿದ್ದದ್ದೇ ಆ ಡಬ್ಬಿಯಿಂದ. ಮನೆಯವರೆಲ್ಲ ಅದರ ಸುತ್ತ ಕೂತು ಕ್ಯಾಸೆಟ್ಟಿನಲ್ಲಿ ಮಾತು ತುಂಬುತ್ತಿದ್ದರು. ಮಗುವಿನ ತೊದಲು, ಅಜ್ಜಿಯ ಬೈಗುಳ, ಹಿಂದೆ ಕೋಳಿ ಕೂಗುವ ಸದ್ದು, ಎಲ್ಲ ಸೇರಿ ಅರವತ್ತು ನಿಮಿಷ. ಊರಿಂದ ಹೊರಟ ಯಾರದೋ ಪೆಟ್ಟಿಗೆಯಲ್ಲಿ ಅದು ಶಾರ್ಜಾಕ್ಕೋ ದಮ್ಮಾಮಿಗೋ ಹೋಗುತ್ತಿತ್ತು. ನಿಮಿಷದ ಲೆಕ್ಕ ಇಲ್ಲದೆ ಮನೆಯ ಸದ್ದು ಕೇಳಲು ಆಗ ಇದ್ದದ್ದು ಅದೊಂದೇ ದಾರಿ.

1990ರ ಆಗಸ್ಟ್ 2. ಇರಾಕಿನ ಸೈನ್ಯ ಕುವೈತಿಗೆ ನುಗ್ಗಿತು. ಫೋನ್ ಸಂಪರ್ಕ ಕಡಿದುಹೋಯಿತು. ಏರ್ ಇಂಡಿಯಾ 59 ದಿನಗಳಲ್ಲಿ 488 ಹಾರಾಟ ನಡೆಸಿ, ಜೋರ್ಡಾನಿನ ಅಮ್ಮಾನಿನಿಂದ ಸುಮಾರು 1 ಲಕ್ಷ 70 ಸಾವಿರ ಭಾರತೀಯರನ್ನು ಕರೆತಂದ ಸಾಹಸ ನಿಮಗೆ ಗೊತ್ತಿದೆ, ಸಿನಿಮಾ ಕೂಡ ಬಂತು. ಸಿನಿಮಾದಲ್ಲಿ ವಿಮಾನ ಕಾಣುತ್ತೆ. ಇಲ್ಲಿ ಮನೆಯಲ್ಲಿ ಕೂತು, ಮಗ ಬದುಕಿದ್ದಾನಾ ಅಂತ ತಿಳಿಯಲು ಒಂದು ನಿಮಿಷದ ಕರೆಯೂ ಸಿಗದವರ ಆ ವಾರಗಳನ್ನು ಯಾರೂ ತೆರೆಗೆ ತರಲಿಲ್ಲ.

ಆ ಹೊತ್ತಿಗೆ ನಮ್ಮ ಊರುಗಳಿಗೆ ಎಸ್‌ಟಿಡಿ ಬೂತು ಬರುತ್ತಿತ್ತು. ಹಳದಿ ಬೋರ್ಡು, ಗಾಜಿನ ಗೂಡು, ಕೆಂಪು ಅಂಕಿಯ ಮೀಟರು. ಅಂಗವಿಕಲರಿಗೆ ಬೂತು ಕೊಡುವಾಗ ಆದ್ಯತೆ ಇತ್ತು, ಎಷ್ಟೋ ಸಂಸಾರ ಅದರಿಂದ ನಿಂತಿತು. ನಾನು ಉಜಿರೆಯಲ್ಲಿ ಓದುವಾಗ ರಾತ್ರಿ 11 ಗಂಟೆ ಆಗಲಿ ಅಂತ ಕಾಯುತ್ತಿದ್ದ ಹಾಸ್ಟೆಲ್ ಹುಡುಗರ ಗುಂಪಿನಲ್ಲಿ ನಾನೂ ಒಬ್ಬ. 11ರ ಮೇಲೆ ಎಸ್‌ಟಿಡಿಗೆ ಕಾಲು ದರ. ಆದರೆ ಅದೇ ಬೂತಿಗೆ ಸಂಜೆ ಹೊತ್ತು ಬರುತ್ತಿದ್ದ ತಾಯಂದಿರು ಕರೆ ಮಾಡಲು ಬಂದವರಲ್ಲ, ತೆಗೆದುಕೊಳ್ಳಲು ಬಂದವರು. ಪಿ.ಪಿ. ನಂಬರ್ ಅಂತ ಇತ್ತಲ್ಲ, ನೆನಪಿದೆಯಾ? ಮದುವೆ ಕಾಗದದಲ್ಲೂ ಅಚ್ಚು ಹಾಕಿಸುತ್ತಿದ್ದರು. ನಮ್ಮದಲ್ಲದ, ಪಕ್ಕದ ಅಂಗಡಿಯವನ ನಂಬರ್. ದುಬೈಯಿಂದ ಮಗ 08256ರ ಸೊನ್ನೆ ಬಿಟ್ಟು, 91 ಸೇರಿಸಿ, ಒಂದು ಸಲ ಕರೆ ಮಾಡಿ "ಅಮ್ಮನ್ನ ಕರೀರಿ" ಅಂತ ಇಟ್ಟುಬಿಡುತ್ತಿದ್ದ. ಹುಡುಗ ಓಡಿಹೋಗಿ ಅಮ್ಮನಿಗೆ ಹೇಳಬೇಕು. ಹತ್ತು ನಿಮಿಷ ಬಿಟ್ಟು ಮತ್ತೆ ಕರೆ. ಅಮ್ಮ ಏದುಸಿರು ಬಿಡುತ್ತಾ "ಹಲೋ" ಅನ್ನುವಾಗ ಅಂಗಡಿಯಲ್ಲಿ ಇದ್ದವರೆಲ್ಲ ಸುಮ್ಮನಾಗುತ್ತಿದ್ದರು. ಸುಮ್ಮನಾಗಿ ಕೇಳಿಸಿಕೊಳ್ಳುತ್ತಿದ್ದರು ಅನ್ನಿ. ಹಣದ ವಿಷಯ, ಸೊಸೆಯ ವಿಷಯ ಅಲ್ಲಿ ಹೇಳುವ ಹಾಗಿಲ್ಲ. ಎಲ್ಲರ ಎದುರು ಅಳುವ ಹಾಗೂ ಇಲ್ಲ.

ಕರೆ ಅಷ್ಟು ದುಬಾರಿ ಯಾಕಿತ್ತು? ಇದನ್ನ ನಮಗೆ ಯಾರೂ ಬಿಡಿಸಿ ಹೇಳಲಿಲ್ಲ. ಅಂತರರಾಷ್ಟ್ರೀಯ ಕರೆಯ ವ್ಯವಹಾರ ಹೀಗಿತ್ತು: ಕರೆ ಹುಟ್ಟಿದ ದೇಶದ ಕಂಪನಿ ಪ್ರತಿ ನಿಮಿಷಕ್ಕೆ ಇಷ್ಟು ಅಂತ ಕರೆ ಮುಟ್ಟಿದ ದೇಶದ ಕಂಪನಿಗೆ ಕೊಡಬೇಕು. ಭಾರತದಿಂದ ಹೊರಗೆ ಹೋಗುವ ಕರೆಗಿಂತ ಹೊರಗಿಂದ ಭಾರತಕ್ಕೆ ಬರುವ ಕರೆ ಎಷ್ಟೋ ಪಟ್ಟು ಹೆಚ್ಚು. 1986ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್‌ಗೆ ಇದರ ಮೇಲೆ ಪೂರ್ತಿ ಏಕಸ್ವಾಮ್ಯ. ಅಂದರೆ ಅಮ್ಮನ ಜೊತೆ ಮಗ ಆಡಿದ ಒಂದೊಂದು ನಿಮಿಷವೂ ದೇಶಕ್ಕೆ ವಿದೇಶಿ ವಿನಿಮಯ. ಅವನು ಕಳಿಸಿದ ಡ್ರಾಫ್ಟಿನ ಬಗ್ಗೆ ಭಾಷಣಗಳಲ್ಲಿ ಹೊಗಳಿಕೆ ಬರುತ್ತಿತ್ತು. ಅವನ ಮಾತಿನಿಂದಲೂ ಖಜಾನೆ ತುಂಬುತ್ತಿತ್ತು ಅನ್ನೋದು ಯಾವ ಭಾಷಣದಲ್ಲೂ ಬರಲಿಲ್ಲ. ಅತ್ತ ಎಮಿರೇಟ್ಸಿನಲ್ಲೂ ಇದೇ ಕಥೆ. 1976ರಲ್ಲಿ ಹುಟ್ಟಿದ ಎಟಿಸಲಾತ್‌ಗೆ ಪ್ರತಿಸ್ಪರ್ಧಿಯಾಗಿ ಡು ಕಂಪನಿ ಬಂದದ್ದು 2007ರಲ್ಲಿ. ಎರಡು ಏಕಸ್ವಾಮ್ಯಗಳ ನಡುವೆ ಸಿಕ್ಕ ಹುಡುಗನಿಗೆ ಪ್ಲಾನ್ ಆರಿಸುವ ಮಾತೆಲ್ಲಿ ಬಂತು, ಸ್ವಾಮಿ?

ವಿಎಸ್‌ಎನ್‌ಎಲ್ ಏಕಸ್ವಾಮ್ಯ ಮುಗಿದದ್ದು 2002ರ ಮಾರ್ಚ್ 31ಕ್ಕೆ. ಮೊಬೈಲ್ ನಮ್ಮ ದೇಶಕ್ಕೆ 1995ರಲ್ಲೇ ಬಂದಿತ್ತಾದರೂ ಒಳಬರುವ ಕರೆಗೂ ದುಡ್ಡು ಕೊಡಬೇಕಿತ್ತು. 2003ರ ಮೇ 1ರಿಂದ ಒಳಕರೆ ಉಚಿತವಾಯಿತು. ಕೊಲ್ಲಿಯ ಮನೆಗಳ ಪಾಲಿಗೆ ಇದು ಯಾವ ಬಜೆಟ್ಟಿಗಿಂತಲೂ ದೊಡ್ಡ ಸುದ್ದಿ. ಅಮ್ಮನ ಕೈಗೆ ಮೊಬೈಲ್ ಬಂತು, ಅಂಗಡಿಯ ಹುಡುಗ ಓಡುವುದು ನಿಂತಿತು. ಮಿಸ್ಡ್ ಕಾಲ್ ಅನ್ನುವ ನಮ್ಮದೇ ಭಾಷೆಯೂ ಬೆಳೆಯಿತು. ಒಂದು ರಿಂಗ್ ಅಂದರೆ ಕ್ಷೇಮ, ಎರಡು ರಿಂಗ್ ಅಂದರೆ ನೀನೇ ಮಾಡು. ಅಲ್ಲಿ ಆಗ ಶುಕ್ರವಾರ ರಜೆ ಇತ್ತು, ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಈ ಲೆಕ್ಕ ಶಾಲೆಗೆ ಹೋಗದ ಅಜ್ಜಿಗೂ ಬಾಯಿಪಾಠ.

ಈಗ ಇಂಟರ್ನೆಟ್ ಬಂತಲ್ಲ, ಎಲ್ಲ ಪುಕ್ಕಟೆ ಅಂತ ನೀವು ಅಂದುಕೊಳ್ಳಬಹುದು. ಅಮೆರಿಕದಲ್ಲಿರುವ ಮಗನಿಗೆ ಅದು ನಿಜ. ದುಬೈಯಲ್ಲಿರುವ ಮಗನಿಗೆ ಅಷ್ಟು ಸುಲಭ ಇಲ್ಲ. ಎಮಿರೇಟ್ಸಿನಲ್ಲಿ ಇಂಟರ್ನೆಟ್ ಕರೆಗೆ ಅಲ್ಲಿಯ ನಿಯಂತ್ರಣ ಸಂಸ್ಥೆಯ ಅನುಮತಿ ಬೇಕು. ವಾಟ್ಸಾಪಿನಲ್ಲಿ ಮೆಸೇಜ್ ಹೋಗುತ್ತೆ, ಫೋಟೋ ಹೋಗುತ್ತೆ, ಕರೆ ಮಾತ್ರ ತಡೆದಿದ್ದಾರೆ. 2018ರ ಆರಂಭದಲ್ಲಿ ಎಟಿಸಲಾತ್ ಒಂದು ಪ್ಲಾನ್ ತಂದಿತು: ತಿಂಗಳಿಗೆ 50 ದಿರ್ಹಂ ಕೊಟ್ಟರೆ ಬೋಟಿಮ್‌ನಂಥ ಅನುಮತಿ ಇರುವ ಆ್ಯಪಿನಲ್ಲಿ ಮೊಬೈಲಿನಿಂದ ಕರೆ ಮಾಡಬಹುದು. ಸಾವಿರ ದಿರ್ಹಂ ದುಡಿಯುವವನಿಗೆ ಅದು ಸಂಬಳದ ಇಪ್ಪತ್ತನೇ ಒಂದು ಭಾಗ. ಪಕ್ಕದ ಸೌದಿ ಅರೇಬಿಯ ಇಂಥ ನಿರ್ಬಂಧವನ್ನು 2017ರ ಸೆಪ್ಟೆಂಬರಿನಲ್ಲಿ ಸಡಿಲಿಸಿತು. ಕೊರೊನಾ ಕಾಲದಲ್ಲಿ ಎಮಿರೇಟ್ಸ್ ಕೂಡ ಝೂಮ್, ಟೀಮ್ಸ್‌ನಂಥ ಕೆಲವಕ್ಕೆ ಬಾಗಿಲು ತೆರೆಯಿತು. ವಿಪಿಎನ್ ಹಾಕಿ ಕಳ್ಳದಾರಿಯಲ್ಲಿ ಮಾತಾಡುವ ಐಡಿಯಾ ಕೊಡುವ ಗೆಳೆಯರು ಎಲ್ಲ ಕಡೆ ಸಿಗ್ತಾರೆ. ಅಪರಾಧಕ್ಕಾಗಿ ಐಪಿ ವಿಳಾಸ ಮರೆಮಾಚಿದರೆ ಅಲ್ಲಿಯ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಂನಿಂದ ಶುರು. ಅಂಥ ಗೆಳೆಯರು ದಂಡ ಕಟ್ಟಲು ಬರೋದಿಲ್ಲ.

ಹೀಗಾಗಿ ಏನಾಯ್ತು ಗೊತ್ತಾ? ಹುಡುಗರು ವಾಟ್ಸಾಪಿನ ವಾಯ್ಸ್ ನೋಟಿಗೆ ಹೋದರು. ಅಮ್ಮ ಗುಂಡಿ ಒತ್ತಿ ಹಿಡಿದು ಮಾತಾಡ್ತಾಳೆ, ಹಿಂದೆ ಕೋಳಿ ಕೂಗ್ತದೆ, ಮಗ ರಾತ್ರಿ ಮಲಗುವ ಮೊದಲು ಕೇಳ್ತಾನೆ. 1980ರ ಕ್ಯಾಸೆಟ್ ವಾಪಸ್ ಬಂತು! ಅದನ್ನು ಒಯ್ಯುವ ಪೆಟ್ಟಿಗೆ ಮಾತ್ರ ಬದಲಾಯಿತು.

ಈಗ ಆ ತಂದೆಯ ಪ್ರಶ್ನೆಗೆ ಬರ್ತೀನಿ. ಮೊಬೈಲ್ ಎಲ್ಲಿ ತಗೊಂಡರೂ ಆದೀತು, ಎರಡು ನಂಬರ್ ಒಟ್ಟಿಗೆ ನಡೆಯುವ ಫೋನ್ ಆಗಿರಲಿ. ಐಫೋನ್ ಆಸೆ ಇದ್ದರೆ ಒಂದು ಮಾತು: ಎಮಿರೇಟ್ಸಿನ ಮಾರುಕಟ್ಟೆಗೆ ಅಂತ ಬರುತ್ತಿದ್ದ ಐಫೋನುಗಳಲ್ಲಿ ಫೇಸ್‌ಟೈಮೇ ಇರುತ್ತಿರಲಿಲ್ಲ. ಇಲ್ಲಿಂದ ಒಯ್ದರೆ ಆ್ಯಪ್ ಇರುತ್ತೆ, ಅಲ್ಲಿಯ ನೆಟ್‌ವರ್ಕ್ ಬಿಡಬೇಕಲ್ಲ. ಶುರುವಿನಲ್ಲಿ ಪ್ರೀಪೇಯ್ಡ್ ಸಾಕು. ವರ್ಷದ ಒಪ್ಪಂದದ ಪೋಸ್ಟ್‌ಪೇಯ್ಡಿಗೆ ಕೆಲಸ ಗಟ್ಟಿಯಾಗುವ ಮೊದಲು ಸಹಿ ಹಾಕೋದು ಬೇಡ, ಮಧ್ಯೆ ಬಿಟ್ಟರೆ ಅದಕ್ಕೂ ದುಡ್ಡು ಕೇಳ್ತಾರೆ.

ಆದರೆ ಮೊದಲು ನೋಡಬೇಕಾದದ್ದು ದುಬೈಯ ಟವರ್ ಅಲ್ಲ, ನಿಮ್ಮ ಮನೆಯ ಅಂಗಳ. ಉಜಿರೆ ಪೇಟೆಯಲ್ಲಿ ಫೋನ್ ಚೆನ್ನಾಗಿ ಸಿಗುತ್ತೆ. ದಿಡುಪೆ, ನೆರಿಯ, ಶಿಶಿಲದ ಕಾಡಂಚಿನ ಮನೆಯಾದರೆ? ಆನ್‌ಲೈನ್ ಕ್ಲಾಸಿನ ಕಾಲದಲ್ಲಿ ಜಿಲ್ಲೆಯ ಮಕ್ಕಳು ಗುಡ್ಡದ ಮೇಲೆ ಟಾರ್ಪಾಲು ಕಟ್ಟಿ ಕೂತದ್ದನ್ನು ನಾವೇ ತೋರಿಸಿದ್ದೇವೆ. ಮನೆಯೊಳಗೆ ಯಾವ ಸಿಮ್ ಸಿಗುತ್ತೆ, ಮಳೆಗಾಲದಲ್ಲಿ ಕರೆಂಟ್ ಹೋದಾಗ ಯಾವ ಟವರ್ ಬದುಕಿರುತ್ತೆ ಅಂತ ನೋಡಿ, ಆ ಸಿಮ್ಮನ್ನು ಅಮ್ಮನಿಗೆ ಹಾಕಿಸಿ. ಆಮೇಲೆ ಮಗನ ಪ್ಲಾನ್. ಡೇಟಾ ನಿಲ್ಲದ ಮನೆಗೆ ಅವನು 50 ದಿರ್ಹಂ ಕಟ್ಟಿ ಏನು ಪ್ರಯೋಜನ? ಅಂಥ ಮನೆಗೆ ಸಾದಾ ಅಂತರರಾಷ್ಟ್ರೀಯ ನಿಮಿಷಗಳ ಪ್ಲಾನೇ ಸರಿ. ಮಗ ದುಬೈಯಿಂದ ಮಾಡಿದ ಕರೆ ಅಮ್ಮನ ಫೋನಿನಲ್ಲಿ ಇಲ್ಲಿನದೇ ಯಾವುದೋ ನಂಬರಾಗಿ ಕಂಡರೆ ಎಚ್ಚರ ಇರಲಿ. ಕಳ್ಳ ಎಕ್ಸ್‌ಚೇಂಜಿನ ಮೂಲಕ ಬಂದ ಕರೆ ಹಾಗೆ ಕಾಣುತ್ತೆ, ಅಗ್ಗದ ಕಾರ್ಡಿನ ಗುಟ್ಟು ಎಷ್ಟೋ ಸಲ ಅದೇ.

ಇನ್ನೊಂದು ಕೆಲಸ ಹೊರಡುವ ಮೊದಲೇ ಆಗಬೇಕು. ಮಗನ ಈಗಿನ ನಂಬರನ್ನು ಸಾಯಲು ಬಿಡಬೇಡಿ. ಬ್ಯಾಂಕಿನ ಒಟಿಪಿ, ಆಧಾರ್ ಒಟಿಪಿ ಬರೋದು ಅದಕ್ಕೇ. ಟ್ರಾಯ್ ನಿಯಮದ ಪ್ರಕಾರ 90 ದಿನ ಆ ನಂಬರಿನಲ್ಲಿ ಕರೆ, ಮೆಸೇಜು, ಡೇಟಾ ಏನೂ ನಡೆಯದೆ ಇದ್ದರೆ ಕಂಪನಿ ಅದನ್ನು ನಿಲ್ಲಿಸಬಹುದು. ಕೆಲವು ಕಾಲ ಬಿಟ್ಟು ಅದೇ ನಂಬರ್ ಇನ್ಯಾರದೋ ಕೈಗೆ ಹೋಗುತ್ತೆ. ಪ್ರೀಪೇಯ್ಡ್ ಖಾತೆಯಲ್ಲಿ 20 ರೂಪಾಯಿ ಬಾಕಿ ಇದ್ದರೆ ಅದನ್ನು ಕಡಿತ ಮಾಡಿಕೊಂಡು ನಂಬರ್ ಉಳಿಸಬೇಕು ಅನ್ನುವ ನಿಯಮ 2013ರಿಂದ ಇದೆ. ಡೇಟಾ ಇಲ್ಲದೆ ಬರೀ ಕರೆ ಮತ್ತು ಮೆಸೇಜಿನ ಪ್ಯಾಕ್ ಕೊಡಲೇಬೇಕು, ಅವಧಿ 365 ದಿನದವರೆಗೂ ಇರಬಹುದು ಅಂತ 2024ರ ಡಿಸೆಂಬರಿನಲ್ಲಿ ಟ್ರಾಯ್ ಆದೇಶ ಮಾಡಿದೆ. ಅಂಗಡಿಯವನು ತಾನಾಗಿ ತೋರಿಸೋದಿಲ್ಲ, ಕೇಳಿ ಪಡೆಯಿರಿ. ಆ ರೀಚಾರ್ಜಿನ ತಾರೀಕನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಅಮ್ಮನ ಕೈಯಲ್ಲೇ ಬರೆಸಿ.