ಜ್ವಾಲಾರೋಧಕಗಳ ಪತ್ತೆಗೆ ಪ್ರತಿಕಾಯ ಪರೀಕ್ಷೆ: ಬಿಡಿಇ-47ರ ನಿದರ್ಶನ

ಕ್ಯಾಲಿಫೋರ್ನಿಯಾದಲ್ಲಿ 1975ರಲ್ಲಿ ಜಾರಿಗೆ ಬಂದ ಪೀಠೋಪಕರಣಗಳ ಅಗ್ನಿಸುರಕ್ಷತಾ ಮಾನದಂಡವನ್ನು ಪಾಲಿಸಲು ತಯಾರಕರು ಸೋಫಾಗಳ ಫೋಮಿಗೆ ಪೆಂಟಾಬಿಡಿಇ ಎಂಬ ಬ್ರೋಮಿನ್‌ಯುಕ್ತ ಜ್ವಾಲಾರೋಧಕ ಮಿಶ್ರಣವನ್ನು ಬೆರೆಸುತ್ತ ಬಂದರು. ಅದು ಫೋಮಿನೊಡನೆ ರಾಸಾಯನಿಕ ಬಂಧ ಬೆಸೆಯುವುದಿಲ್ಲ. ಹೀಗಾಗಿ ಫೋಮು ಸವೆದಂತೆಲ್ಲ ಮನೆಯ ಧೂಳಿಗೆ, ಅಲ್ಲಿಂದ ಅಂಬೆಗಾಲಿಡುವ ಕೂಸುಗಳ ಬಾಯಿಗೆ ಸೇರುತ್ತದೆ. ಇದರ ಮುಖ್ಯ ಘಟಕಗಳು 2009ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಸೇರಿದವು. ನಿಷೇಧವಾದ ಮಾತ್ರಕ್ಕೆ ಹಳೆಯ ಸೋಫಾ ಮನೆ ಬಿಟ್ಟು ಹೋಗುವುದಿಲ್ಲ. ಯಾವ ಮನೆಯಲ್ಲಿ ಎಷ್ಟಿದೆಯೆಂದು ಅರಿಯಲು ಅಪಾರ ಸಂಖ್ಯೆಯ ಮಾದರಿಗಳನ್ನು ನೋಡಬೇಕು. ಗ್ಯಾಸ್ ಕ್ರೊಮ್ಯಾಟೊಗ್ರಫಿ-ಮಾಸ್ ಸ್ಪೆಕ್ಟ್ರೊಮೆಟ್ರಿ ನಿಖರವಾದರೂ ದುಬಾರಿ, ನಿಧಾನ. ಮೊದಲ ಜರಡಿಯಾಗಿ ಪ್ರತಿಕಾಯ ಪರೀಕ್ಷೆಯೇ ತಕ್ಕದ್ದೆಂಬುದು ನನ್ನ ವಾದ.

ಪೆಂಟಾಬಿಡಿಇಯ ಮುಖ್ಯ ಘಟಕಗಳಲ್ಲೊಂದಾದ ಬಿಡಿಇ-47ರ ಅಣುತೂಕ ಸುಮಾರು 486. ಇಷ್ಟು ಪುಟ್ಟ ಅಣುವಿನ ವಿರುದ್ಧ ಪ್ರಾಣಿದೇಹ ಪ್ರತಿಕಾಯ ತಯಾರಿಸದು. ಅದನ್ನು ಹೋಲುವ, ಹ್ಯಾಪ್ಟೆನ್ ಎಂಬ ಪುಟ್ಟ ಅಣುವನ್ನು ಕೊಂಡಿಯೊಂದರ ಮೂಲಕ ದೊಡ್ಡ ಪ್ರೋಟೀನಿಗೆ ಜೋಡಿಸಿ ಚುಚ್ಚಬೇಕು. ಕೊಂಡಿಯಿಂದ ದೂರವಿರುವ ಭಾಗವನ್ನು ಪ್ರತಿಕಾಯ ಚೆನ್ನಾಗಿ ಗುರುತಿಸುವುದರಿಂದ, ಕೊಂಡಿಯ ಸ್ಥಾನವೇ ಪರೀಕ್ಷೆಯ ಗುಣವನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಎಲೈಸಾ ಎಂಬ ಈ ಪ್ರತಿಕಾಯ ಪರೀಕ್ಷೆಯ ತಟ್ಟೆಯ ಗುಳಿಗಳಲ್ಲಿ ಮಾದರಿಯ ಬಿಡಿಇ ಮತ್ತು ತಟ್ಟೆಗಂಟಿಸಿದ ಹ್ಯಾಪ್ಟೆನ್ ಒಂದೇ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತವೆ. ಮಾಲಿನ್ಯ ಹೆಚ್ಚಿದಷ್ಟೂ ಬಣ್ಣ ಮಾಸುತ್ತದೆ. ನಿಜವಾದ ತೊಡಕು ಬೇರೆಯೇ ಇದೆ. ಬಿಡಿಇ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು. ಅದನ್ನು ದ್ರಾವಣದಲ್ಲಿ ಹಿಡಿದಿಡಲು ಬೇಕಾದ ಸಾವಯವ ದ್ರಾವಕ ಸಾಮಾನ್ಯ ಪ್ರತಿಕಾಯವನ್ನು ಕೆಡಿಸುತ್ತದೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವು 2014ರಲ್ಲಿ ಅಲ್ಪಾಕಾದಿಂದ ಪಡೆದ ಏಕಘಟಕ ಪ್ರತಿಕಾಯಗಳನ್ನು ಬಿಡಿಇ-47ರ ಪತ್ತೆಗೆ ಬಳಸಿದ್ದು ಈ ಕಾರಣಕ್ಕೇ ಮಹತ್ವದ್ದು: ಸಾಮಾನ್ಯ ಪ್ರತಿಕಾಯದ ಹತ್ತರಲ್ಲೊಂದರಷ್ಟು ಗಾತ್ರದ ಇವು ದ್ರಾವಕವನ್ನೂ ಬಿಸಿಯನ್ನೂ ಹೆಚ್ಚು ತಾಳಿಕೊಳ್ಳುತ್ತವೆ.

ಪ್ರತಿಕಾಯವು ಹೋಲುವ ಅಣುಗಳಿಗೂ ಅಂಟಿಕೊಳ್ಳುತ್ತದೆ, ಆದ್ದರಿಂದ ಅದನ್ನು ನಂಬಲಾಗದು ಎಂಬ ಆಕ್ಷೇಪವುಂಟು. ಅಂಟುವುದು ನಿಜ, ಅಂಥ ಸುಳ್ಳು ಎಚ್ಚರಿಕೆಯನ್ನು ಎರಡನೆಯ ಹಂತದ ಮಾಸ್ ಸ್ಪೆಕ್ಟ್ರೊಮೆಟ್ರಿ ಯಂತ್ರ ಸರಿಪಡಿಸಬಲ್ಲದು. ಸರಿಪಡಿಸಲಾಗದ್ದು ತಪ್ಪಿಹೋದ ಮಾದರಿ. ಹತ್ತು ಬ್ರೋಮಿನ್‌ಗಳ ಬಿಡಿಇ-209ನ್ನು ಈ ಪ್ರತಿಕಾಯ ಗುರುತಿಸಲೇಬೇಕೆಂದಿಲ್ಲ. ಟಿವಿ ಕವಚದ ಪ್ಲಾಸ್ಟಿಕ್ಕಿಗೆ ಬೆರೆಸುತ್ತಿದ್ದುದು ಮುಖ್ಯವಾಗಿ ಅದನ್ನೇ. ಆದಕಾರಣ ಬಿಡಿಇ-47ರ ಪರೀಕ್ಷೆಯನ್ನು ಪೆಂಟಾ ಮಿಶ್ರಣದ ಸೂಚಕವಾಗಿಯಷ್ಟೇ ಬಳಸಬೇಕು, ಎಚ್ಚರಿಕೆಯ ಮಿತಿಯನ್ನು ಕೆಳಗಿಡಬೇಕು, ನಕಾರಾತ್ಮಕವೆಂದು ಬಂದ ಮಾದರಿಗಳಲ್ಲೂ ಕೆಲವನ್ನು ಯಂತ್ರಕ್ಕೆ ಕಳಿಸಬೇಕು. ಈ ಶಿಸ್ತಿಲ್ಲದೆ ವರದಿಯಾದ ಎಲೈಸಾ ಅಂಕಿಯನ್ನು ಅಂತಿಮ ಫಲಿತಾಂಶವೆಂದು ಪ್ರಕಟಿಸಕೂಡದು.